ಗಾಣದಪ್ಪ ಬಾಗೆ ಮರದ ಬಗ್ಗೆ ಹೇಳಿದ್ದು

ನಮ್ಮೂರಿನಲ್ಲಿ ಮರ ಕಡಿಯಬೇಕಾದರೆ ಮೊದಲು ಆ ಮರದ ಬಗ್ಗೆ ಮಾತಾಡಬೇಕಿತ್ತು. ಮನೆಯೊಳಗೆ ಗುಸುಗುಸು ಮಾತಾಡಿದರೆ ನಡೆಯುತ್ತಿರಲಿಲ್ಲ. ಊರವರನ್ನು ಕರೆದು ಮರದ ಬುಡದಲ್ಲಿ ಕೂರಿಸಿ, ಬೇರಿನಿಂದ ತುದಿಯವರೆಗೆ ಆ ಮರವನ್ನು ನಂಬಿಕೊಂಡವರ ಹೆಸರನ್ನೆಲ್ಲ ಹೇಳಬೇಕು. ಯಾವ ಇರುವೆ ಯಾವ ತೊಗಟೆಯ ಸಂದಿಯಲ್ಲಿದೆ, ಯಾವ ಹಕ್ಕಿ ಯಾವ ಮಳೆಗೆ ಬರುತ್ತದೆ, ಯಾವ ಹುಳ ಎಲೆಯ ಬೆನ್ನಿಗೆ ಮೊಟ್ಟೆ ಇಡುತ್ತದೆ, ಎಲ್ಲ. ಒಂದೇ ಒಂದು ಬಿಟ್ಟುಹೋದರೂ ಕೊಡಲಿ ಹಿಡಿಯದು. ಠಣ್ ಎಂದು ಜಾರಿ, ಹೊಡೆದವನ ಕೈ ಜೋಮು ಹಿಡಿಯುತ್ತಿತ್ತು. ಮರ ಯಾರ ಕೆಲಸಕ್ಕೆ ಬೇಕೋ ಅವರೇ ಮಾತಾಡಬೇಕು, ಪಕ್ಕದವರು ಪಿಸುಗುಟ್ಟುವಂತಿಲ್ಲ. ಮುಂಚೆಯೇ ಬಂದು ಕೇಳಿದರೆ ಮಾತ್ರ ಗೊತ್ತಿದ್ದವರು ಗೊತ್ತಿದ್ದದ್ದನ್ನು ಹೇಳಲೇಬೇಕು. ತಾನಾಗಿ ಬಿದ್ದ ಒಣಗಿದ ಕಟ್ಟಿಗೆಗೆ ಮಾತ್ರ ಈ ಮಾತು ಬೇಕಿರಲಿಲ್ಲ. ಒಲೆಯ ತಾಪತ್ರಯ ಇರಲಿಲ್ಲ ಎಂದು ಬಚಾವಾದೆವು.

ಇದಕ್ಕೆ ನಾವು ಮರದ ಮಾತು ಅನ್ನುತ್ತಿದ್ದೆವು. ಹೊರಗಿನವರು ಕೇಳಿದರೆ ನಕ್ಕಾರು, ನಗಲಿ. ನಮಗೆ ಅದು ಸಂತೆಗೆ ಹೋದಷ್ಟೇ ಸಹಜವಾಗಿತ್ತು. ಬಾಗಿಲು ಬೇಕೆ, ನೊಗ ಬೇಕೆ, ಮಗಳ ಮದುವೆಗೆ ಮಂಚ ಬೇಕೆ, ಹೋಗಿ ಮರದ ಕೆಳಗೆ ಕೂತು ನೋಡು. ಸಂಬಂಧ ನೋಡಲು ಬಂದವರು ಹುಡುಗನಿಗೆ ಎಷ್ಟು ಹೊಲ ಎಂದು ಕೇಳುವ ಮೊದಲು ಎಷ್ಟು ಮರ ಮಾತಾಡಿದ್ದಾನೆ ಎಂದು ಕೇಳುತ್ತಿದ್ದರು. ಚಹಾದಂಗಡಿಯಲ್ಲಿ ಜಗಳವಾದರೆ ಅದು ಕಕ್ಕೆ ಮರದ ಮೇಲಿನ ಇರುವೆ ಕಪ್ಪೋ ಕಂದೋ ಎಂಬುದಕ್ಕೇ ಆಗಿರುತ್ತಿತ್ತು. ದರ್ಜಿ ಪರಸಪ್ಪ ಮಗಳ ಮಂಚಕ್ಕಾಗಿ ಬೇವಿನ ಮರ ಹಿಡಿದು, ಬೆಳಗಿನ ಚಹಾದಿಂದ ಮಧ್ಯಾಹ್ನದ ಊಟದವರೆಗೆ ಮಾತಾಡಿ, ಕೊನೆಗೆ ತೊಗಟೆಯ ಮೇಲಿನ ಪಾಚಿಯನ್ನು ಮರೆತ. ಮದುಮಕ್ಕಳು ಚಾಪೆಯ ಮೇಲೆ ಮಲಗಿದರು. ಮಂಚ ಬರುವ ಹೊತ್ತಿಗೆ ಅವರ ಕೂಸು ಗೋಡೆ ಹಿಡಿದು ನಡೆಯುತ್ತಿತ್ತು.

ನಾನು ಎಂದೂ ಸೋತವಳಲ್ಲ. ಜಂಬ ಅಂದುಕೊಂಡರೆ ಅಂದುಕೊಳ್ಳಿ. ಲಟ್ಟಣಿಗೆಗೆ ಒಂದು, ತೊಟ್ಟಿಲಿಗೆ ಒಂದು, ಮಾವನವರ ಊರುಗೋಲಿಗೆ ಒಂದು, ಹೀಗೆ ನಾನು ಮಾತಾಡಿದ ಮರಗಳೆಲ್ಲ ಮೊದಲ ಏಟಿಗೇ ಕೊಡಲಿ ಹಿಡಿದವು. ಗಂಗಮಲ್ಲವ್ವನ ಬಾಯಿ ಬೊಂಬಾಯಿ ಎಂದು ಊರು ಸುಮ್ಮನೆ ಅನ್ನುತ್ತಿರಲಿಲ್ಲ. ನಾನು ಮಾತಾಡುವ ದಿನ ಹೆಂಗಸರು ರೊಟ್ಟಿ ಬೇಗ ಬಡಿದು, ಶೇಂಗಾ ಸೆರಗಿಗೆ ಕಟ್ಟಿಕೊಂಡು ಬಂದು ಮುಂದೆ ಕೂರುತ್ತಿದ್ದರು. ಇಡೀ ಊರು ಒಂದು ಜೀರುಂಡೆಯ ಸುದ್ದಿ ಕೇಳಲು ಬಾಯಿ ಮುಚ್ಚಿಕೊಂಡು ಕೂತಿದ್ದನ್ನು ನೀವು ಎಲ್ಲಿಯೂ ನೋಡಿರಲಾರಿರಿ.

ನನಗೆ ಗಂಟುಬಿದ್ದ ಗಂಡ ಮಾತ್ರ ಮಾತೇ ಆಡದ ಮನುಷ್ಯ. ಅವರ ಹೆಸರು ಹೇಳುವ ರೂಢಿ ನನಗಿಲ್ಲ. ಊರು ಗಾಣದಪ್ಪ ಎಂದು ಕರೆಯುತ್ತಿತ್ತು, ನೀವೂ ಹಾಗೇ ಕರೆಯಿರಿ. ನಮ್ಮದು ಎತ್ತಿನ ಗಾಣ. ಮನೆಯ ಪಡಸಾಲೆಯ ಪಕ್ಕದಲ್ಲಿ ದೊಡ್ಡ ಮರದ ಒರಳು, ಅದರಲ್ಲಿ ಎಳ್ಳು, ಕುಸುಬೆ, ಶೇಂಗಾ. ಎತ್ತು ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಸುತ್ತುತ್ತಿತ್ತು, ಇವರು ಹಿಂದೆ ಸುತ್ತುತ್ತಿದ್ದರು. ಎತ್ತು ಕತ್ತಿನ ಗಂಟೆಯಿಂದಾದರೂ ಸದ್ದು ಮಾಡುತ್ತಿತ್ತು. ಮದುವೆಯಾದ ಹೊಸತರಲ್ಲಿ ನಾನು ಅವ್ವನ ಮುಂದೆ ಅತ್ತಿದ್ದುಂಟು. "ಮಾತು ಬರಲ್ದವ್ನಲ್ಲ, ಬೈಯಾವನೂ ಅಲ್ಲ. ಸುಮ್ನ ಬಾಳೇ ಮಾಡು" ಎಂದು ಅವ್ವ ಕಳಿಸಿದ್ದಳು. ಬಾಳ್ವೆ ಮಾಡಿದೆ. ಇಬ್ಬರ ಮಾತನ್ನೂ ನಾನೇ ಆಡಿದೆ. ಅಳೆಯುವುದು ಅವರು, ಗಿರಾಕಿಯ ಹತ್ತಿರ ಮಾತು ನಾನು.

ಒಂದು ಬೇಸಿಗೆಯಲ್ಲಿ ಒರಳು ಸೀಳಿತು. ಅವರ ಅಜ್ಜ ಮಾತಾಡಿ ತಂದ ಮರದ ಒರಳು ಅದು. ಮೊದಲು ಕೂದಲಿನಂಥ ಗೆರೆ, ಆಮೇಲೆ ಬೆರಳು ತೂರುವಷ್ಟು ಬಿರುಕು, ಎಣ್ಣೆಯೆಲ್ಲ ನೆಲಕ್ಕೆ. ಒರಳಿಗೆ ಒಂದೇ ಕಾಂಡ ಬೇಕು, ನಾಲ್ಕು ಜನ ಕೈ ಹಿಡಿದು ತಬ್ಬುವಂಥದ್ದು. ಅಂಥ ಮರ ಊರಲ್ಲಿ ಉಳಿದದ್ದು ಒಂದೇ, ಕೆರೆ ಏರಿಯ ಬಾಗೆ ಮರ. ಅದರ ಒಣಕಾಯಿ ಗಾಳಿಗೆ ಗಲಗಲ ಅಂದರೆ ನಮ್ಮ ಮನೆಗೆ ಕೇಳುತ್ತಿತ್ತು. ಕಟ್ಟಿಗೆ ಅಡ್ಡೆಯ ಶೆಟ್ಟೆಪ್ಪನ ಕಣ್ಣೂ ಅದರ ಮೇಲಿತ್ತು. ಆದರೆ ಗಾಣ ಊರಿಗೆಲ್ಲ ಬೇಕಾದದ್ದು, ಮೊದಲ ಹಕ್ಕು ಗಾಣದಪ್ಪನಿಗೆ ಎಂದು ಹಿರಿಯರು ತೀರ್ಮಾನಿಸಿದರು. ಸರಿಯೇ, ಆದರೆ ಮರ ಗಾಣಕ್ಕೆ ಬೇಕು, ಗಾಣ ನಡೆಸುವವರು ಅವರು, ಮಾತಾಡಬೇಕಾದವರೂ ಅವರೇ. ಮರ ಸಿಕ್ಕರೆ ಗಾಣ ಉಂಟು, ಮನೆಯಲ್ಲಿ ಅನ್ನ ಉಂಟು. ಮಾತು ಸೋತರೆ ಎತ್ತನ್ನೂ ಮಾರಿ, ಕಂಡವರ ಮನೆಯ ಮೂಟೆ ಹೊರಬೇಕು.

"ನಾ ಕಲಿಸತೀನ್ರಿ, ನನ್ನ ಹಿಂದ ಹೇಳ್ರಿ" ಅಂದೆ. ಅವರು ತಲೆ ಅಲ್ಲಾಡಿಸಿದರು. ರೊಟ್ಟಿ ಕಟ್ಟಿಸಿಕೊಂಡು ಕೆರೆ ಏರಿಗೆ ಹೊರಟೇ ಬಿಟ್ಟರು. ಆ ಬೇಸಿಗೆ ಮುಗಿದು ಮಳೆ ಬಂತು, ಮಳೆ ಹೋಗಿ ಚಳಿ ಬಂತು, ಅವರು ಮರದ ಕೆಳಗೇ ಇದ್ದರು. ಎಲೆ ಉದುರಿದ್ದನ್ನು ನೋಡಿದರು, ಚಿಗುರಿದ್ದನ್ನು ನೋಡಿದರು. ಹಾಗೂ ಹೀಗೂ ನಾನು ಸಾಲದ ಎಣ್ಣೆ ತಂದು ಬಿಡಿಬಿಡಿಯಾಗಿ ಮಾರಿ ಒಲೆ ಉರಿಸಿದೆ. ಸಂಜೆ ಮನೆಗೆ ಬಂದರೆ ಅವರ ಅಂಗಿಯ ಮೇಲೆ ಪುಡಿಪುಡಿ ಹೂವಿನ ಎಳೆ ಇರುತ್ತಿತ್ತು. ಒಂದು ಸಲ ಊಟಕ್ಕೆ ಕೂತವರು ತಾವಾಗಿಯೇ, "ಹಳದಿ ಪಾತರಗಿತ್ತಿ ಒಂದೇ ಎಲಿ ಮ್ಯಾಲ ಸಾಲಾಗಿ ತತ್ತಿ ಇಡತದ, ಗುಂಪಾಗಿ ಹುಳ ಬೆಳೀತಾವ" ಅಂದರು. ನಾನು ಸಾರಿನ ಸೌಟು ಹಿಡಿದುಕೊಂಡೇ ನಿಂತೆ. ಮದುವೆಯಾದ ಮೇಲೆ ಅವರು ಅಷ್ಟುದ್ದ ಮಾತಾಡಿದ್ದು ಅದೇ ಮೊದಲು.

ಮಾತಿನ ದಿನ ಊರಿಗೆ ಊರೇ ಬಂತು. ನಿಜ ಹೇಳಬೇಕೆಂದರೆ ಮರದ ಸುದ್ದಿ ಕೇಳಲಿಕ್ಕೆ ಬಂದವರು ಕಡಿಮೆ, ಗಾಣದಪ್ಪನ ದನಿ ಹೇಗಿದೆ ಎಂದು ಕೇಳಲಿಕ್ಕೆ ಬಂದವರೇ ಹೆಚ್ಚು. ಅವರು ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು, ಮರದ ಕಡೆ ಮುಖ ಮಾಡಿ ನಿಂತರು, ಜನರ ಕಡೆಯಲ್ಲ. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ನಾನು ತಿರುಗಿ ನೋಡಿದೆ, ನಗು ನಿಂತಿತು.

ಆಮೇಲೆ ಅವರು ಶುರು ಮಾಡಿದರು. ಬೇರಿನ ಗಂಟುಗಳಿಂದ ಹಿಡಿದರು. ಗೆದ್ದಲು ಒಣ ತೊಗಟೆ ಮಾತ್ರ ತಿನ್ನುತ್ತದೆ, ಹಸಿಗೆ ಬಾಯಿ ಹಾಕುವುದಿಲ್ಲ ಅಂದರು. ಕುಂಬಾರ ಹುಳ ಯಾವ ಕವಲಿಗೆ ಮಣ್ಣಿನ ಗಡಿಗೆ ಕಟ್ಟುತ್ತದೆ, ಅದಕ್ಕೆ ಕೆರೆಯ ಯಾವ ಅಂಚಿನ ಮಣ್ಣು ಬೇಕು ಎಂದರು. ಪೊಟರೆಯ ನಸರಿ ಜೇನು, ಅದರ ಬಾಗಿಲಿನ ಅಂಟು, ಅಂಟಿಗೆ ಸಿಕ್ಕಿ ಸಾಯುವ ಇರುವೆ. ಹೂವು ಸಂಜೆ ಬಿರಿದಾಗ ಬರುವ ಪತಂಗ, ಬೆಳಗ್ಗೆ ಅದೇ ಹೂವಿಗೆ ಬರುವ ಸೂರಕ್ಕಿ. ಕಾಯಿಯೊಳಗಿನ ಬೀಜ ಕೊರೆಯುವ ಹುಳ, ಆ ಹುಳವನ್ನು ಹುಡುಕಿ ಬರುವ ಸಣ್ಣ ಕಣಜ. ದನಿ ಸಣ್ಣದು, ಆದರೆ ಎಲ್ಲರಿಗೂ ಕೇಳಿತು. ಒಂದು ಕಡೆ ಹೇಳಿದರು, "ಓತಿಕ್ಯಾತ ಇಲ್ಲಿ ಕುಂತು ತಲಿ ಆಡಸತದ. ನನಗ ಹೌದು ಹೌದು ಅಂತದ ಅಂತ ಅನ್ನಿಸಿತು. ಮನಿಯಾಗ ಹಂಗ ಯಾರೂ ಅಂದಿಲ್ಲ." ಜನ ನಕ್ಕು ನನ್ನ ಕಡೆ ನೋಡಿದರು. ನನಗೆ ನಾಚಿಕೆಯಾಯಿತು, ಖುಷಿಯೂ ಆಯಿತು. ಇಂಥ ಮಾತನ್ನು ಈ ಮನುಷ್ಯ ಇಷ್ಟು ವರ್ಷ ಎಲ್ಲಿಟ್ಟುಕೊಂಡಿದ್ದ ಎಂದು ಹೊಟ್ಟೆಕಿಚ್ಚೂ ಆಯಿತು.

ಮಾತು ಮುಗಿಸಿ ಕೊಡಲಿ ಎತ್ತಿ ಹೊಡೆದರು. ಠಣ್ ಎಂದು ಜಾರಿತು.

ಊರು ಒಂದೇ ಉಸಿರಿಗೆ ಅಯ್ಯೋ ಅಂದಿತು. ಶೆಟ್ಟೆಪ್ಪ ಮುಂದೆ ಬಂದು, "ಚಲೋ ಹೇಳಿದಿ ಗಾಣದಪ್ಪ, ಯಾವ್ದೋ ಒಂದು ಕಮ್ಮಿ ಆತು. ಮುಂದಿನ ವರ್ಷ ನೋಡೂಣು" ಎಂದು ಬೆನ್ನು ತಟ್ಟಿದ. ಇವರು ರುಮಾಲು ಸುತ್ತಿಕೊಂಡು ಮನೆಯ ಕಡೆ ನಡೆದರು. ಮುಖದಲ್ಲಿ ಸೋತವನ ಕಳೆಯೇ ಇರಲಿಲ್ಲ. ನನಗೆ ಅಲ್ಲೇ ಸಂಶಯ ಬಂತು.

ಮನೆಗೆ ಹೋಗಿ ಕೇಳಿದೆ. "ಏನ್ ಮರತ್ರಿ?"

"ಮರೀಲಿಲ್ಲ. ಬಿಟ್ಟೆ."

"ಬಿಟ್ರಿ ಅಂದ್ರ?"

"ಒಂದು ಬಿಟ್ಟೆ. ಬೇಕಂತ."

ನಾನು ಬೈದದ್ದನ್ನೆಲ್ಲ ಇಲ್ಲಿ ಬರೆಯಲಾರೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂಬಲ್ಲಿಂದ ಶುರುವಾಗಿ ಅವರ ಅಜ್ಜನವರೆಗೆ ಹೋಯಿತು. ಅವರು ಎಲ್ಲ ಕೇಳಿಸಿಕೊಂಡರು. ಕೊನೆಗೆ, "ಮುಂಜಾನೆ ನನ್ನ ಕೂಡ ಬಾ" ಅಂದರು. ಅಷ್ಟೇ.

ಬೆಳಗಾಗುವ ಹೊತ್ತಿಗೆ ಹೋದೆವು. ಅವರು ನನ್ನ ಹೆಗಲು ಹಿಡಿದು ಒಂದು ಕಡೆ ಕೂರಿಸಿ, ಬಾಯಿಯ ಮೇಲೆ ಬೆರಳಿಟ್ಟರು. ಯಾವ ಕಡೆ ಕೂರಿಸಿದರು ಎಂದು ಹೇಳುವುದಿಲ್ಲ. ಏನು ಕಂಡಿತು ಎಂದೂ ಹೇಳುವುದಿಲ್ಲ. ಹುಳವೋ, ಹೂವೋ, ಹಕ್ಕಿಯೋ ಎಂದು ಕೇಳಬೇಡಿ. ಇದನ್ನು ಯಾರು ಯಾರು ಓದುತ್ತಾರೋ ನನಗೇನು ಗೊತ್ತು, ಶೆಟ್ಟೆಪ್ಪನ ಮೊಮ್ಮಕ್ಕಳಿಗೂ ಓದು ಬರುತ್ತದೆ. ಇಷ್ಟು ಹೇಳಬಲ್ಲೆ: ಅಷ್ಟು ಮರ ಮಾತಾಡಿದ ನಾನು ಅಂಥದ್ದನ್ನು ಎಲ್ಲಿಯೂ ಕಂಡಿರಲಿಲ್ಲ. ಬೈಗುಳ ಇನ್ನೂ ಬಾಯಲ್ಲಿತ್ತು, ಕಣ್ಣಲ್ಲಿ ನೀರು ಬಂತು.

"ಎಲ್ಲಾ ಹೇಳಿದ್ರ ಮರ ಬೀಳತದ" ಅಂದರು ಅವರು, ಹಿಂದಿರುಗುವಾಗ. "ಬಿದ್ರ ಇದು ಎಲ್ಲಿಗೆ ಹೋಗಬೇಕು? ನನ್ನ ಮುಂದ ಅದು ಹೆದರಲಿಲ್ಲ."

"ಹಂಗಾದ್ರ ಮೊದಲ ಈ ಮರ ಬ್ಯಾಡ ಅನಬೇಕಿತ್ತು."

"ಬ್ಯಾಡ ಅಂದಿದ್ರ ಶೆಟ್ಟೆಪ್ಪ ತಗೋತಿದ್ದ. ಕಂಡದ್ದನ್ನ ಹೇಳು ಅಂತ ನನ್ನ ಕೇಳತಿದ್ದ. ಕೇಳಿದವ್ರಿಗೆ ಹೇಳಬೇಕು, ಅದು ನಮ್ಮ ರೀತಿ. ಈಗ ನನಗ ಗೊತ್ತಿಲ್ಲ ಅಂತ ಊರ ತಿಳದದ. ಗೊತ್ತಿಲ್ದವನ್ನ ಯಾರು ಕೇಳತಾರ?"

ಈ ಮನುಷ್ಯನಿಗೆ ಬುದ್ಧಿ ಮಂದ ಎಂದು ನನ್ನ ತವರಿನವರು ಅಂದಿದ್ದರು. ನಾನು ಮನೆಗೆ ಹೋಗಿ ಒಲೆ ಹಚ್ಚಿದೆ.

ಎತ್ತು ಮಾರಿದೆವು. ಒಯ್ದವನ ಹಿಂದೆ ಅದು ಸುತ್ತು ಹಾಕಿಕೊಂಡೇ ಹೋಯಿತು, ನೇರ ನಡೆದು ರೂಢಿಯೇ ಇರಲಿಲ್ಲ ಅದಕ್ಕೆ. ಗಾಣದ ಒರಳು ಪಡಸಾಲೆಯಲ್ಲಿ ಸೀಳಿದ ಹಾಗೇ ಬಿದ್ದಿತ್ತು, ಕೋಳಿ ಅದರಲ್ಲಿ ಕಾವಿಗೆ ಕೂತವು. ಶೆಟ್ಟೆಪ್ಪ ಆ ಹೊತ್ತಿಗೆ ಎಲ್ಲಿಂದಲೋ ಲಾರಿಯಲ್ಲಿ ಮರ ತರಿಸಲು ಶುರು ಮಾಡಿದ್ದ. ಆ ಮರಕ್ಕೆ ಮಾತು ಬೇಡ, ಯಾರ ಊರಿನಲ್ಲಿ ಯಾರು ಏನು ಹೇಳಿ ಕಡಿದರೋ ದೇವರೇ ಬಲ್ಲ. ಇವರು ಅವನ ಅಡ್ಡೆಯಲ್ಲಿ ದಿಮ್ಮಿ ಇಳಿಸುವ ಕೂಲಿಗೆ ಹೋದರು. ಊರ ಮಕ್ಕಳು ಒಂದ್ಕಮ್ಮಿ ಗಾಣದಪ್ಪ ಎಂದು ಹೆಸರಿಟ್ಟರು. ಚಹಾದಂಗಡಿಯಲ್ಲೂ ಅದೇ ಹೆಸರು ನಿಂತಿತು. ನನಗೆ ಮೈ ಉರಿಯುತ್ತಿತ್ತು. ಊರಿನ ನಡುವೆ ನಿಂತು, ಏಯ್, ಇವರಿಗೆ ಗೊತ್ತಿರುವುದರಲ್ಲಿ ಕಾಲು ಭಾಗ ನಿಮಗೆ ಗೊತ್ತೇನೋ ಎಂದು ಕೂಗಬೇಕು ಅನ್ನಿಸುತ್ತಿತ್ತು. ಕೂಗಿದರೆ ಮುಗಿಯಿತು. ಊರಿಗೆಲ್ಲ ಬಾಯಿ ಅನ್ನಿಸಿಕೊಂಡವಳು ಈ ಒಂದು ಮಾತನ್ನು ನುಂಗಿಕೊಂಡು, ಶೇಂಗಾ ಚಟ್ನಿ ಕುಟ್ಟಿ ಮಾರಿದೆ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಆ ಬಂಗಾರವನ್ನು ಯಾವ ಅಂಗಡಿಯವನೂ ಮುಟ್ಟುವುದಿಲ್ಲ ನೋಡಿ.

ಲಾರಿ ಮರ ಬಂದ ಮೇಲೆ ಮರದ ಮಾತು ಕಡಿಮೆಯಾಯಿತು. ಬಾಗಿಲು ರೆಡಿಮೇಡ್ ಸಿಗುವಾಗ ಯಾರು ವರ್ಷವಿಡೀ ಇರುವೆ ನೋಡುತ್ತಾರೆ? ಚಹಾದಂಗಡಿಯ ಜಗಳ ಬೇರೆ ವಿಷಯಕ್ಕೆ ಹೋಯಿತು. ಇವರು ಒಂದು ಮಳೆಗಾಲ ಜ್ವರ ಬಂದು ಹೋಗಿಬಿಟ್ಟರು. ಹೋಗುವ ಮುಂಚೆಯೂ ದೊಡ್ಡ ಮಾತು ಏನೂ ಆಡಲಿಲ್ಲ. "ಹೂ ಬಿಟ್ಟೈತೇನು?" ಎಂದು ಕೇಳಿದರು. ಬಿಟ್ಟಿತ್ತು, ಹೌದು ಅಂದೆ.

ಮೊದಲ ಹಕ್ಕು ಇವರದಿತ್ತಲ್ಲ, ಇವರ ತಿಥಿ ಮುಗಿದ ಮೇಲೆ ಶೆಟ್ಟೆಪ್ಪ ಬಾಗೆ ಮರಕ್ಕೆ ಕೈ ಹಾಕಿದ. ಇವರು ಅಂದು ಹೇಳಿದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡು ಒಪ್ಪಿಸಿದ. ಕೊಡಲಿ ಜಾರಿತು. ಕರೆಂಟಿನ ಗರಗಸ ತರಿಸಿದ, ಅದರ ಹಲ್ಲು ಬೋಳಾಯಿತು. ಆಮೇಲೆ ಒಂದು ದಿನ ನನ್ನ ಮನೆಗೆ ಬಂದು, ಮುರಿದ ಒರಳಿನ ಅಂಚಿನ ಮೇಲೆ ಕೂತ. ಕೆಟ್ಟ ಮನುಷ್ಯ ಅಲ್ಲ, ವ್ಯಾಪಾರಸ್ಥ.

"ತಂಗೀ, ನಿನ್ನ ಕಣ್ಣಿಗೆ ಬೀಳಲಾರದ್ದು ಈ ಊರಾಗ ಏನಿಲ್ಲ. ಆ ಉಳದದ್ದು ಏನಂತ ಹೇಳು. ನಿನ್ನ ಪಡಸಾಲ್ಯಾಗ ಮೋಟರ್ ಗಾಣ ಕೂಡಸಿ ಕೊಡತೀನಿ. ಗಾಣದಪ್ಪನ ಹೆಸರಿನ ಬೋರ್ಡ್ ಹಾಕೂಣು."

ಬೋರ್ಡಿನ ಮಾತು ಎತ್ತಬಾರದಿತ್ತು ಅವನು. ಅವರ ಹೆಸರನ್ನು ಒಂದ್ಕಮ್ಮಿ ಅಲ್ಲದೆ ಬೇರೆ ಥರ ಬರೆದದ್ದನ್ನು ನೋಡುವ ಆಸೆ ನನಗಿತ್ತು. ಎಣ್ಣೆಯ ವಾಸನೆ ಮನೆಗೆ ಮರಳಿ ಬರುವ ಆಸೆ ಅದಕ್ಕಿಂತ ಹೆಚ್ಚಿತ್ತು. ನಾಲಿಗೆಯ ತುದಿಗೆ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

"ನನಗ ಗೊತ್ತಿದ್ರ ಅಂದೇ ಅವ್ರಿಗೆ ಹೇಳಿಕೊಡತಿದ್ದಿಲ್ಲೇನಣ್ಣ?" ಅಂದೆ. "ಚಾ ಕುಡೀತಿಯೇನು?" ಅವನು ಚಹಾ ಕುಡಿದು ಹೋದ.

ಆಮೇಲೆ ವಾಚನಾಲಯದ ಹುಡುಗಿಯರು ಮರದ ಮಾತನ್ನು ಮತ್ತೆ ಶುರು ಮಾಡಿದರು. ಕಡಿಯುವುದಕ್ಕಲ್ಲ, ಸುಮ್ಮನೆ ಕೇಳುವುದಕ್ಕೆ. ಅಮಾವಾಸ್ಯೆಗೊಂದು ಸಂಜೆ, ಒಂದೊಂದು ಮರದ ಕೆಳಗೆ. ಬಾಗೆ ಮರದ ಸರದಿ ಬಂದಾಗ ನನ್ನನ್ನೇ ಕರೆಯುತ್ತಿದ್ದರು. ನಾನು ನಮ್ಮವರು ಅಂದು ಹೇಳಿದ್ದನ್ನು ಅವರ ಕ್ರಮದಲ್ಲೇ ಹೇಳುತ್ತಿದ್ದೆ, ಓತಿಕ್ಯಾತದ ಮಾತನ್ನೂ ಸೇರಿಸಿ. ಒಂದನ್ನು ಬಿಡುತ್ತಿದ್ದೆ. ಶೆಟ್ಟೆಪ್ಪ ಕೋಲು ಊರಿಕೊಂಡು ಬಂದು ಪ್ರತಿ ಸಲವೂ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ. ಅವನಿಗೆ ವಯಸ್ಸಾಗಿತ್ತು, ಆಸೆಗೆ ಆಗಿರಲಿಲ್ಲ. ನನಗೂ ವಯಸ್ಸಾಗಿತ್ತು. ನಾನು ಹೋದರೆ ಅದು ಅಲ್ಲಿದೆ ಎಂದು ಬಲ್ಲವರು ಯಾರೂ ಇರುವುದಿಲ್ಲ ಎಂಬ ಸಂಕಟ ಒಂದು ಕಡೆ, ಯಾರಿಗೆ ಹೇಳಿದರೂ ಮರ ಉಳಿಯಲಿಕ್ಕಿಲ್ಲ ಎಂಬ ಭಯ ಇನ್ನೊಂದು ಕಡೆ.

ಈ ಸಲ ವಾಚನಾಲಯದವರು ಹೊರಗಿನಿಂದ ಒಬ್ಬಳನ್ನು ಕರೆಸಿದರು. ನಾಹೀದಾ ಅಂತ ಹೆಸರು, ಕಾಲೇಜಿನಲ್ಲಿ ಹುಳಹುಪ್ಪಡಿಯ ಪಾಠ ಹೇಳುವವಳು. ಬಾಗೆ ಮರದ ಬಗ್ಗೆ ಮಾತಾಡುತ್ತಾಳೆ, ನಮ್ಮ ಮನೆಯಲ್ಲೇ ಇಳಿದುಕೊಳ್ಳುತ್ತಾಳೆ ಎಂದರು. ಮಾತಿಗೆ ಮುಂಚೆ ಕೆಲವು ದಿನ ಮರ ನೋಡಬೇಕು ಎಂದು ಬೇಗನೇ ಬಂದಳು. ಒಳ್ಳೆಯ ಹುಡುಗಿ. ನನ್ನ ಚಟ್ನಿಗೆ ಎರಡೆರಡು ರೊಟ್ಟಿ ಹೆಚ್ಚು ತಿಂದಳು, ನಮ್ಮೂರಿನ ಕೊಡಲಿಯ ಕಥೆ ಕೇಳಿ ನಗಲಿಲ್ಲ. ಸೂಕ್ಷ್ಮ ಕಾಣುವ ಗಾಜು ಹಿಡಿದು ದಿನವಿಡೀ ತೊಗಟೆ ನೋಡುತ್ತಿದ್ದಳು. ನಾನು ದಿನವಿಡೀ ಅವಳನ್ನು ನೋಡುತ್ತಿದ್ದೆ.

ಮಾತಿನ ಹಿಂದಿನ ದಿನ ಬೆಳಗ್ಗೆ ಚಹಾ ಒಯ್ದೆ. ಅಂದು ಇವರು ನನ್ನನ್ನು ಕೂರಿಸಿದ ಜಾಗದಲ್ಲೇ ಅವಳು ಕೂತಿದ್ದಳು. ಗಾಜು ಮಡಿಲಿಗೆ ಬಿದ್ದಿತ್ತು, ಕೈ ಬಾಯಿಯ ಮೇಲಿತ್ತು, ಅಲುಗಾಡುತ್ತಿರಲಿಲ್ಲ. ಕಂಡಳು ಎಂದು ನನಗೆ ತಿಳಿಯಿತು. ಚಹಾ ತಣ್ಣಗಾಗುವವರೆಗೆ ನಾನು ಏರಿಯ ಮೇಲೆ ನಿಂತೇ ಇದ್ದೆ. ಇಡೀ ದಿನ ಒದ್ದಾಡಿದೆ. ಅದನ್ನು ಹೇಳಬೇಡ ತಾಯಿ ಎಂದು ಅವಳ ಕೈ ಹಿಡಿಯಬೇಕೇ? ಯಾವುದನ್ನು ಎಂದು ಕೇಳಿದರೆ ನಾನೇ ಹೇಳಿದ ಹಾಗಾಗುತ್ತದೆ. ಅವಳು ಕಂಡದ್ದು ಅದೇ ಅಲ್ಲದಿದ್ದರೆ? ಅದೇ ಆಗಿದ್ದರೆ, ಕಲಿತವಳು, ಹೊಸದನ್ನು ಕಂಡವಳು, ನಾಲ್ಕು ಜನರ ಮುಂದೆ ಹೇಳದೆ ಇರುತ್ತಾಳೆಯೇ?

ಮಾತಿನ ದಿನ ಸಂಜೆ ಜನ ಚೆನ್ನಾಗಿ ಸೇರಿದರು. ಶೆಟ್ಟೆಪ್ಪ ಮೊಮ್ಮಗನ ಹೆಗಲು ಹಿಡಿದು ಬಂದು ಎಂದಿನ ಜಾಗದಲ್ಲಿ ಕೂತ. ನಾಹೀದಾ ಬೇರಿನಿಂದಲೇ ಶುರು ಮಾಡಿದಳು. ನಮ್ಮವರು ಹೇಳಿದವರನ್ನೇ ಅವಳೂ ಹೇಳಿದಳು, ಆದರೆ ಒಬ್ಬೊಬ್ಬರ ಬಗ್ಗೆಯೂ ನಮಗೆ ಗೊತ್ತಿಲ್ಲದ್ದನ್ನು ಹೇಳಿದಳು. ನಸರಿ ಜೇನು ದಾರಿಯನ್ನು ಹೇಗೆ ನೆನಪಿಡುತ್ತದೆ, ಕಣಜಕ್ಕೆ ಕಾಯಿಯೊಳಗಿನ ಹುಳ ಇದೆ ಎಂದು ಹೇಗೆ ತಿಳಿಯುತ್ತದೆ. ಜನ ಮೊದಲಿನ ಹಾಗೆ ಬಾಯಿ ಮುಚ್ಚಿಕೊಂಡು ಕೇಳಿದರು. ಬೇರೆ ದಿನವಾಗಿದ್ದರೆ ನನ್ನ ಪ್ರಾಣ ಕುಣಿಯುತ್ತಿತ್ತು. ಅವಳ ಮಾತು ಮರದ ಒಂದೊಂದೇ ಭಾಗ ದಾಟಿ ಬರುತ್ತಿತ್ತು, ಅದು ಬರಬೇಕಾದ ಜಾಗ ಹತ್ತಿರವಾಗುತ್ತಿತ್ತು. ನಾನು ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡೆ.

ಆ ಜಾಗ ಬಂತು. ಅವಳು ಮಾತು ನಿಲ್ಲಿಸಿ ನೀರು ಕುಡಿದಳು. ಆಮೇಲೆ ಮುಂದಿನ ಕೊಂಬೆಗೆ ಹೋದಳು. ಹೂವಿಗೆ, ಕಾಯಿಗೆ, ಗಾಳಿಗೆ ಹೋದಳು. ಮಾತು ಮುಗಿಯಿತು.

"ಅಕ್ಕಾರ" ಎಂದ ಶೆಟ್ಟೆಪ್ಪ, ಕೋಲು ಎತ್ತಿ. "ನೀವು ಕಲತವ್ರು. ಈ ಮರದಾಗ ಇರೋದು ಇಷ್ಟ ಏನು?"

"ಇಷ್ಟೇರಿ, ಯಜಮಾನ್ರ" ಅಂದಳು ನಾಹೀದಾ. "ಒಂದು ಕಮ್ಮಿ ಇರಬಹುದು. ನನಗ ಗೊತ್ತಿಲ್ಲ."

ಜನ ನಕ್ಕರು. ಶೆಟ್ಟೆಪ್ಪನೂ ನಕ್ಕ, ನಗುತ್ತಲೇ ತಲೆ ತಗ್ಗಿಸಿಕೊಂಡ. ಅವಳು ಬಂದು ನನ್ನ ಪಕ್ಕದಲ್ಲಿ ಕೂತಳು. ನಾನು ಅವಳ ಕೈ ಹಿಡಿದುಕೊಂಡು ಎಲ್ಲರೆದುರು ಅತ್ತೆ. ಗಂಡನ ನೆನಪಾಗಿ ಅಳುತ್ತಾಳೆ ಅಂದುಕೊಂಡರು ಜನ. ಅದೂ ಸುಳ್ಳಲ್ಲ.

ಮರುದಿನ ಅವಳ ಬಸ್ಸು ಹೊತ್ತೇರಿದ ಮೇಲೆ ಇತ್ತು. ಬೆಳಗಾಗುವ ಮುಂಚೆಯೇ ಅವಳು ಎದ್ದು ಕೂತಿದ್ದಳು, ನಾನೂ ಎದ್ದಿದ್ದೆ. ಇಬ್ಬರೂ ಕೆರೆ ಏರಿಗೆ ನಡೆದೆವು. ಅವಳು ನನ್ನ ಮೊಣಕೈ ಹಿಡಿದು ಇಳಿಸಿದಳು. ಪಕ್ಕಪಕ್ಕದಲ್ಲಿ ಕೂತೆವು. ಸ್ವಲ್ಪ ಹೊತ್ತಿಗೆ ಬೆಳಕು ಹರಿಯಿತು, ಅದು ಬಂತು.